ಒಣ ತೂಕದ ಜನ

ನೋಟ್‌ಬುಕ್ಕಿನಲ್ಲಿರುವುದೆಲ್ಲ ನನ್ನ ಕೈಬರಹ. ಹಾಗಾಗಿ ಅದರಲ್ಲಿ ಯಾವುದು ನನ್ನದು, ಯಾವುದು ಪಕ್ಕದ ಮಂಚದ ಅಕ್ಕನದು ಎಂದು ಖಚಿತವಾಗಿ ಹೇಳಲಾರೆ. ನನಗೆ ಸೂಜಿ ಚುಚ್ಚುವುದು ಎಡಗೈಗೆ, ಅವರಿಗೆ ಬಲಗೈಗೆ. ನಾಲ್ಕು ಗಂಟೆ ಆ ಕೈಯನ್ನು ಅಲುಗಿಸುವಂತಿಲ್ಲ. ಬರೆಯುವ ಕೈ ಖಾಲಿ ಇದ್ದದ್ದು ನನ್ನದು ಮಾತ್ರ. ಅವರು ಹೇಳಿದ್ದನ್ನು ಬರೆಯುತ್ತಿದ್ದೆ, ನನಗೆ ಹೊಳೆದದ್ದನ್ನೂ ಬರೆಯುತ್ತಿದ್ದೆ. ಎರಡೂ ಒಂದೇ ಪೆನ್ನಿನಲ್ಲಿ ಒಣಗಿವೆ.

ವಾರಕ್ಕೆ ಎರಡು ಬೆಳಗು, ಸಾಗರದ ಒಂದು ಡಯಾಲಿಸಿಸ್ ವಾರ್ಡಿನಲ್ಲಿ ನಮ್ಮ ಮಂಚಗಳು ಪಕ್ಕಪಕ್ಕ. ನಡುವೆ ಎರಡು ಯಂತ್ರ. ನಾನು ಹೊಸನಗರದಿಂದ ಬಸ್ಸಿಗೆ ಬರುತ್ತಿದ್ದೆ, ಅವರು ಆನಂದಪುರದಿಂದ. ಅಲ್ಲಿ ರಸ್ತೆ ಬದಿಯಲ್ಲಿ ಅವರದೊಂದು ಹೊಲಿಗೆ ಅಂಗಡಿ. ನಾನು ಮೂರು ತಾಲ್ಲೂಕಿನಲ್ಲಿ ಜಮೀನು ಅಳೆಯುತ್ತಿದ್ದವನು. ಮೂತ್ರಪಿಂಡ ಕೈಕೊಟ್ಟ ಮೇಲೆ ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು ಹೊಸನಗರದ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೇನೆ. ಮದುವೆಯಾಗಿಲ್ಲ. ಅವರು ನನ್ನನ್ನು 'ಸರ್ವೆಯವ್ರೇ' ಎನ್ನುತ್ತಿದ್ದರು. ನಾನು 'ಅಕ್ಕ' ಎನ್ನುತ್ತಿದ್ದೆ. ನನಗಿಂತ ನಾಲ್ಕು ವರ್ಷ ಚಿಕ್ಕವರು ಎಂದು ಗೊತ್ತಾಗುವಷ್ಟರಲ್ಲಿ ಅದು ರೂಢಿಯಾಗಿಬಿಟ್ಟಿತ್ತು. ಅವರೂ ತಿದ್ದಲಿಲ್ಲ.

ನಮ್ಮಂಥವರು ಕುಡಿದ ನೀರು ಹೊರಗೆ ಹೋಗುವುದಿಲ್ಲ. ಒಳಗೇ ನಿಲ್ಲುತ್ತದೆ, ಕಾಲಿಗೆ ಇಳಿಯುತ್ತದೆ, ಹೆಚ್ಚಾದರೆ ಎದೆಗೆ ಏರುತ್ತದೆ. ಯಂತ್ರ ಎಳೆದು ತೆಗೆಯುವ ತನಕ ಹೊತ್ತುಕೊಂಡು ತಿರುಗಬೇಕು. ದಿನಕ್ಕೆ ಮುಕ್ಕಾಲು ಲೀಟರ್ ಎಂದು ಡಾಕ್ಟರು ಹೇಳಿದ್ದರು. ಅದರಲ್ಲೇ ಚಹಾ, ಸಾರು, ಅನ್ನದ ಮೇಲಿನ ಮಜ್ಜಿಗೆ, ಮಾತ್ರೆ ನುಂಗುವ ಗುಟುಕು ಎಲ್ಲ ಬಂತು. ಯಂತ್ರಕ್ಕೆ ಹಾಕುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ತೂಕ. ಹೆಚ್ಚುವರಿ ನೀರೆಲ್ಲ ಹೋದ ಮೇಲೆ ಉಳಿಯಬೇಕಾದದ್ದು ಒಣ ತೂಕ. ನನ್ನದು ಅರವತ್ತೆರಡು. ಅವರದು ಐವತ್ತೊಂದೂವರೆ.

"ಏನ್ ಸರ್ವೆಯವ್ರೇ, ಎಷ್ಟ್ ಏರಿಸ್ಕೊಂಡ್ ಬಂದ್ರಿ?" ಎನ್ನುವುದೇ ಅವರ ನಮಸ್ಕಾರ.

"ಎರಡು ಕೆಜಿ ಇನ್ನೂರು."

"ಹಂಗಾರೆ ಮೊನ್ನೆ ಪಾಯಸ ಆಗಿತ್ತು."

ನಾವಿಬ್ಬರೂ ಸೇರಿ ಕಟ್ಟಿದ ಕಥೆಯ ಮರುಭೂಮಿ ಹೇಗೆ ಶುರುವಾಯಿತು ಎಂಬುದನ್ನು ನಾನು ಬೇರೆ ಬೇರೆಯವರಿಗೆ ಬೇರೆ ಬೇರೆ ರೀತಿ ಹೇಳಿದ್ದೇನೆ. ಕಥೆ ಬರೆಯುವ ಚಟವಿದ್ದವನು ನಾನು, ಹಾಗಾಗಿ ನಾನೇ ಶುರು ಮಾಡಿದೆ ಎಂದು ಒಮ್ಮೆ ಹೇಳಿದೆ. ಇನ್ನೊಮ್ಮೆ, ಗೋಡೆಯ ಟೀವಿಯಲ್ಲಿ ಒಂಟೆಗಳ ಸಾಲು ಬಂದಾಗ ಅವರು ಕೇಳಿದರು ಎಂದು ಹೇಳಿದೆ. ವಾರ್ಡಿನಲ್ಲಿ ಟೀವಿ ಇತ್ತು ಎಂಬುದು ನಿಜ. ಅದು ಕೆಟ್ಟಿತ್ತು ಎಂಬುದೂ ನೆನಪಿದೆ. ಮೊದಲ ಪುಟದಲ್ಲಿರುವುದು ಇಷ್ಟೇ: "ಹುಟ್ಟಿನಿಂದಲೇ ಬಾಯಾರಿಕೆ ಇಲ್ಲದ ಜನ. ಹೊಡೆದಾಡುವವರು." ಅದರ ಕೆಳಗೆ: "ಬಾಯಾರಿಕೆ ಇರಲಿ. ಇಲ್ಲದಿದ್ದರೆ ಅವರದೇನು ದೊಡ್ಡಸ್ತಿಕೆ?" ಈ ಎರಡನೆಯ ಮಾತು ಅವರದು. ಇದೊಂದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ, ಏಕೆಂದರೆ ನಾನು ಅಷ್ಟು ಒಳ್ಳೆಯ ಮಾತು ಆಡುವವನಲ್ಲ.

ಆ ಜನಕ್ಕೆ ಹೆಸರಿಡಲು ನಾನು ಒದ್ದಾಡುತ್ತಿದ್ದೆ. ಅವರು 'ನಮ್ಮೋರು' ಎಂದು ಕರೆದುಬಿಟ್ಟರು, ಅದೇ ನಿಂತಿತು. ನಮ್ಮೋರಲ್ಲಿ ಒಬ್ಬೊಬ್ಬರಿಗೂ ಹೆಸರಿಲ್ಲ, ಒಣ ತೂಕವೇ ಹೆಸರು. ಮಗು ಬೆಳೆದಂತೆ ಹೆಸರು ಬದಲಾಗುತ್ತದೆ, ಮುದುಕರಾದಂತೆ ಕಡಿಮೆಯಾಗುತ್ತ ಬರುತ್ತದೆ. ಸಾಯುವಾಗ ಯಾವ ತೂಕವೋ ಅದನ್ನು ಮತ್ತೊಬ್ಬರು ಮುಟ್ಟುವವರೆಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಮ್ಮೋರಿಗೆ ಎರಡು ಹೃದಯ. ಎದೆಯಲ್ಲಿ ಒಂದು, ಮುಂಗೈಯಲ್ಲಿ ಒಂದು. ಇದನ್ನು ನಾವು ಕಷ್ಟಪಟ್ಟು ಕಲ್ಪಿಸಬೇಕಾಗಿರಲಿಲ್ಲ. ಡಯಾಲಿಸಿಸ್ ಮಾಡಲು ಕೈಯ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿರುತ್ತಾರೆ. ಅಲ್ಲಿ ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಸದಾ ಗುಂಯ್‌ಗುಡುತ್ತದೆ. ಆ ಕೈಯಲ್ಲಿ ಭಾರ ಎತ್ತಬಾರದು, ಬಿಪಿ ನೋಡಿಸಬಾರದು, ಅದರ ಮೇಲೆ ಮಲಗಬಾರದು. ನಮ್ಮೋರೂ ಆ ಕೈಯಲ್ಲಿ ಕತ್ತಿ ಹಿಡಿಯುವುದಿಲ್ಲ. ಇಬ್ಬರು ಎದುರಾದಾಗ ಕೈಮುಗಿಯುವುದಿಲ್ಲ, ತಂತಮ್ಮ ಮುಂಗೈಯನ್ನು ತಂತಮ್ಮ ಕಿವಿಗೆ ಹಿಡಿದು ಒಂದು ಗಳಿಗೆ ಕೇಳುತ್ತಾರೆ. 'ನಾನಿದ್ದೇನೆ' ಎಂದು ಅರ್ಥ. ದಂಡಿನಲ್ಲಿ ಎಡಗೈಯವರು, ಬಲಗೈಯವರು ಎಂದು ಎರಡು ಪಂಗಡ. ಪ್ರತಿ ಜೋಡಿಯಲ್ಲೂ ಒಬ್ಬರು ಆ ಕಡೆಯವರು, ಒಬ್ಬರು ಈ ಕಡೆಯವರು. ಸಣ್ಣ ಹೃದಯಗಳೆರಡೂ ಒಳಬದಿಗೆ ಬರುವಂತೆ ನಿಲ್ಲುತ್ತಾರೆ. ನಮ್ಮ ಮಂಚಗಳೂ ಹಾಗೇ ಇದ್ದವು.

ನಮ್ಮೋರಿಗೆ ಮೂತ್ರವಿಲ್ಲ. ಉಪ್ಪು ಹಿಮ್ಮಡಿಯಲ್ಲಿ ಹೆಪ್ಪುಗಟ್ಟುತ್ತದೆ, ವಾರಕ್ಕೊಮ್ಮೆ ಕಲ್ಲಿಗೆ ತಿಕ್ಕಿ ಉದುರಿಸುತ್ತಾರೆ.

"ಬಸ್ಸಲ್ಲಿ ಹೋಗುವಾಗ ಎಲ್ಲೂ ನಿಲ್ಸಿ ಅನ್ನೋ ತಾಪತ್ರಯ ಇಲ್ಲ," ಎಂದರು ಅಕ್ಕ. "ನಂಗೂ ಈಗ ಅದೊಂದೇ ಸುಖ."

ಇಬ್ಬರೂ ಮರುಭೂಮಿ ಕಂಡವರಲ್ಲ. ಹಾಗಾಗಿ ತಪ್ಪುಗಳಾದವು. ಹನ್ನೆರಡನೇ ಪುಟದಲ್ಲಿ ಯೋಧರು ಕಾಲಿಗೆ ಸುಣ್ಣ ಹಚ್ಚಿಕೊಂಡು ಹೊರಡುತ್ತಾರೆ, ರಕ್ತ ಹೀರುವ ಉಂಬಳ ಹತ್ತಬಾರದೆಂದು. ಮರಳು ನೆಲದಲ್ಲಿ ಬಿದ್ದಿರುತ್ತದೆ ಎಂಬುದು ನಮಗೆ ಹೊಳೆಯಲೇ ಇಲ್ಲ, ನಮ್ಮ ಪುಟಗಳಲ್ಲಿ ಅದು ಮಳೆಯಂತೆ ಮೇಲಿಂದ ಸುರಿಯುತ್ತದೆ. ಜೂನ್‌ನಿಂದ ನಾಲ್ಕು ತಿಂಗಳು ಬಿಡದೆ. ಜನ ಕಂಬಳಿಕೊಪ್ಪೆ ಹಾಕಿಕೊಂಡು ಓಡಾಡುತ್ತಾರೆ, ಮನೆಯ ಸುತ್ತ ಮರಳು ಹರಿದುಹೋಗಲು ಕಾಲುವೆ ಬಿಡಿಸುತ್ತಾರೆ, ಅಷ್ಟರೊಳಗೆ ಸೌದೆ ಒಟ್ಟಿಕೊಂಡಿರುತ್ತಾರೆ. ಈ ತಪ್ಪು ಗೊತ್ತಾದದ್ದು ಎಷ್ಟೋ ತಿಂಗಳಾದ ಮೇಲೆ. ನಾನು ಹೊಡೆದುಹಾಕಲು ಹೊರಟೆ.

"ಇರ್ಲಿ ಬಿಡಿ," ಎಂದರು. "ನಾವೇನ್ ಅಲ್ಲಿಗೆ ಹೋಗ್ತೀವಾ?"

ಯೋಧರೆಂದ ಮೇಲೆ ಶತ್ರು ಬೇಕು. ಅದು ಸಿಕ್ಕಿದ್ದು ತೀರ್ಥಹಳ್ಳಿಯಲ್ಲಿ. ಅಣ್ಣನ ಮನೆಗೆ ಹೋಗಿದ್ದೆ. ಚಪ್ಪಲಿ ಬಿಡುವುದರೊಳಗೆ ಅತ್ತಿಗೆ ಮುರುಗಲ ಹಣ್ಣಿನ ಪಾನಕ ತಂದರು. ಬೇಡ ಎಂದೆ. "ಒಂದ್ ಲೋಟಕ್ಕೆ ಎಂತ ಆಗ್ತದೆ ಮಾರಾಯ್ರೆ? ನಾನೇನ್ ವಿಷ ಹಾಕಿದ್ದೀನಾ?" ಎಂದರು. ಬಂದವರು ಏನೂ ಕುಡಿಯದೆ ಹೋದರೆ ನಮ್ಮ ಕಡೆ ಮನೆಗೇ ಅವಮಾನ. ಕುಡಿದೆ. ನಿಜ ಹೇಳಬೇಕೆಂದರೆ ಅತ್ತಿಗೆಯ ಮಾತಿಗೆ ಕಟ್ಟುಬಿದ್ದು ಕುಡಿದದ್ದು ಮೊದಲನೆಯ ಲೋಟ ಮಾತ್ರ. ಮೇಗರವಳ್ಳಿಯಲ್ಲೊಂದು ಮದುವೆಗೆ ಮನೆಯವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಪಾತ್ರೆ ಖಾಲಿ ಮಾಡಿದೆ. ಶುಕ್ರವಾರ ಸಾಗರಕ್ಕೆ ಬರುವಾಗ ನಾಲ್ಕು ಕೆಜಿ ಏರಿತ್ತು, ಮೆಟ್ಟಿಲು ಹತ್ತಲು ಉಸಿರಿರಲಿಲ್ಲ. ಆಮ್ಲಜನಕ ಹಾಕಿದರು.

ಅಕ್ಕ ಎರಡು ಗಂಟೆ ಮುಖ ಆ ಕಡೆ ಮಾಡಿಕೊಂಡಿದ್ದರು. ಆಮೇಲೆ, "ಬರ್ಕೊಳ್ಳಿ," ಎಂದರು. "ಶತ್ರುಗಳು ಹೊಳೆ ದಂಡೆಯೋರು. ಕತ್ತಿ ತರಲ್ಲ. ತಟ್ಟೆಯಲ್ಲಿ ಲೋಟ ಇಟ್ಕೊಂಡ್, ನಗ್ತಾ ಬರ್ತಾರೆ." ಮತ್ತೆ ಹೇಳಿದರು, "ನಮ್ಮೋರ ಮನೆಗೆ ಬಂದೋರ ಮುಂದೆ ಖಾಲಿ ಲೋಟ ಕವುಚಿ ಇಡ್ಬೇಕು. ಅದೇ ಮರ್ಯಾದೆ. ಇನ್ನೊಂದ್ ಸಲ ಹಿಂಗ್ ಮಾಡಿದ್ರೆ ನಾನ್ ಒಬ್ಬಳೇ ಒಣಗ್ಕೊಂಡ್ ಇರ್ಬೇಕಾಗ್ತದೆ. ಅದಾಗಲ್ಲ ನಂಗೆ."

ಅಂದಿನಿಂದ ನಾನು ಅಳತೆ ಮೀರಲಿಲ್ಲ. ಡಾಕ್ಟರಿಗೆ ಹೆದರಿ ಅಲ್ಲ. ಮನೆಯಲ್ಲಿ ಒಂದು ಗುಟುಕು ಹೆಚ್ಚು ಕುಡಿಯಲು ಕೈ ಹೋದರೆ, ಆನಂದಪುರದಲ್ಲಿ ಅದೇ ಹೊತ್ತಿಗೆ ಇನ್ನೊಬ್ಬರು ಲೋಟ ಕವುಚಿ ಇಟ್ಟಿದ್ದಾರೆ ಅನ್ನಿಸುತ್ತಿತ್ತು. ಐವತ್ತು ದಾಟಿದ ಮೇಲೆ ನನಗೆ ಸಿಕ್ಕಿದ ಜೊತೆಯೆಂದರೆ ಅಷ್ಟೇ, ಆ ಕವುಚಿದ ಲೋಟ.

ಅವರು ನನಗೊಂದು ಅಂಗಿ ಹೊಲಿದುಕೊಟ್ಟರು. ಎಡತೋಳು ಉದ್ದಕ್ಕೂ ಸೀಳಿ, ಗುಂಡಿಯ ಬದಲು ದಾರ ಕಟ್ಟಿ ಮುಚ್ಚುವಂತೆ. ಸೂಜಿ ಚುಚ್ಚುವಾಗ ತೋಳು ಮಡಿಸುವ ರಗಳೆ ಇಲ್ಲ. "ನಮ್ಮೋರ ಸಮವಸ್ತ್ರ," ಎಂದರು. ಅಳತೆ ಯಾವಾಗ ತೆಗೆದರೋ ಗೊತ್ತಿಲ್ಲ. ಸರಿಯಾಗಿ ಕೂತಿತು.

ಅಂಗಿ ಕೊಟ್ಟ ದಿನವೇ ವಿಷಯ ಹೇಳಿದರು. ತಂಗಿಯ ಮೂತ್ರಪಿಂಡ ಹೊಂದಿಕೆಯಾಗಿದೆ. ಮಂಗಳೂರಿನಲ್ಲಿ ಆಪರೇಷನ್.

"ಒಳ್ಳೇದಾಯ್ತು ಅಕ್ಕ," ಎಂದೆ.

"ಹೌದಲ್ಲ?" ಎಂದರು. ಕೇಳುವ ಹಾಗಿತ್ತು ಆ ಮಾತು.

ಆ ವಾರದ್ದೆಂದು ತೋರುವ ಒಂದು ಪುಟದಲ್ಲಿ ಹೀಗಿದೆ: "ಬೇರೆಯವರ ನೀರಿನ ಅಂಗ ಪಡೆದವರು ನಮ್ಮೋರಲ್ಲ. ಅವರ ತೂಕವನ್ನು ಇನ್ನು ಯಾರೂ ಕೂಗಬಾರದು." ಇದನ್ನು ಅವರೇ ಹೇಳಿ ಬರೆಸಿದರು ಎಂದು ನಾನು ಬಹಳ ದಿನ ನಂಬಿದ್ದೆ. ಅವರ ದನಿಯೂ ಕಿವಿಯಲ್ಲಿತ್ತು, ಸ್ವಲ್ಪ ನಗುತ್ತ ಹೇಳಿದ್ದು. ಆದರೆ ವಾರ್ಡಿನಲ್ಲಿ ನಾನು ಬರೆಯುತ್ತಿದ್ದುದು ಮಲಗಿ, ಹೊಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು. ಅಲ್ಲಿನ ಸಾಲುಗಳೆಲ್ಲ ಬಲಕ್ಕೆ ಹೋಗುತ್ತ ಮೇಲಕ್ಕೆ ಹತ್ತುತ್ತವೆ. ಈ ಪುಟದ ಸಾಲುಗಳು ಸಪಾಟಾಗಿವೆ. ಇದು ಹೊಸನಗರದ ಮನೆಯ ಮೇಜಿನ ಮೇಲೆ ಬರೆದದ್ದು. ಅಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಳತೆಗಾರನಾಗಿದ್ದವನು, ನೆನಪಿಗಿಂತ ಗೆರೆಯನ್ನು ನಂಬುತ್ತೇನೆ.

ಅವರು ಮಂಗಳೂರಿಗೆ ಹೋದ ಮೇಲೆ ಆ ಮಂಚಕ್ಕೆ ಒಬ್ಬ ಬ್ಯಾಂಕಿನವರು ಬಂದರು. ಫೋನಿನಲ್ಲಿ ಕ್ರಿಕೆಟ್ ನೋಡುತ್ತಾರೆ, ಒಳ್ಳೆಯವರು. ನಾನು ಒಬ್ಬನೇ ಬರೆಯಲು ನೋಡಿದೆ. ಆ ಪುಟಗಳಲ್ಲಿ ನಮ್ಮೋರು ಮಾತೇ ಆಡುವುದಿಲ್ಲ. ಎಲ್ಲರೂ ಒಬ್ಬೊಬ್ಬರೇ ಒಂದೊಂದು ಗುಡ್ಡದ ಮೇಲೆ ನಿಂತಿರುತ್ತಾರೆ. ಜೋಡಿಗಳಿಲ್ಲ. ಒಂದು ಕಡೆ ಬಾಯಿಯೇ ಇಲ್ಲದ ಮಕ್ಕಳು ಹುಟ್ಟುತ್ತವೆ. ಈಗ ಓದಲು ನನಗೇ ಆಗುವುದಿಲ್ಲ.

ಅಕ್ಕ ಫೋನು ಮಾಡಲಿಲ್ಲ. ಸೋಂಕಿನ ಭಯಕ್ಕೆ ಮೂರು ತಿಂಗಳು ಯಾರನ್ನೂ ನೋಡಬಾರದಂತೆ ಎಂದು ವಾರ್ಡಿನ ಸಿಸ್ಟರ್ ಹೇಳಿದ್ದರು. ಫೋನಿನಲ್ಲಿ ಸೋಂಕು ಬರುವುದಿಲ್ಲ. ನಾನೂ ಮಾಡಲಿಲ್ಲ.

ಒಂದು ಮಧ್ಯಾಹ್ನ, ಊಟದ ತಟ್ಟೆ ತೊಳೆಯುತ್ತಿದ್ದಾಗ ಕರೆ ಬಂತು.

"ಸರ್ವೆಯವ್ರೇ, ಎಷ್ಟ್ ಏರಿದೆ?"

"ಒಂದೂ ಎಂಟುನೂರು."

"ಭೇಷ್." ಆಮೇಲೆ ದನಿ ಸಣ್ಣದಾಯಿತು. "ನಂದೊಂದ್ ಗ್ರಾಚಾರ ಕೇಳಿ. ದಿನಾ ಮೂರ್ ಲೀಟರ್ ಕುಡೀಬೇಕಂತೆ. ಕುಡೀದಿದ್ರೆ ಈ ಕಿಡ್ನಿನೂ ಹೋಗ್ತದಂತೆ. ನಿನ್ನೆ ಟೆಸ್ಟಲ್ಲಿ ಏನೋ ಏರಿದೆ ಅಂತ ಡಾಕ್ಟ್ರು ಬೈದ್ರು. ನಂಗೆ ಗಂಟಲಲ್ಲಿ ಇಳಿಯೋದೇ ಇಲ್ಲ. ಲೋಟ ಎತ್ತಿದ್ರೆ ಕದ್ದು ಕುಡಿದಂಗೆ ಆಗ್ತದೆ. ತಂಗಿ ಎದುರಿಗೇ ಕೂತಿರ್ತಾಳೆ, ಹೊಟ್ಟೆ ಹಿಡ್ಕೊಂಡು. ಅವಳ ಮುಖ ನೋಡೋಕಾಗಲ್ಲ."

ನಾನು ನಲ್ಲಿ ನಿಲ್ಲಿಸಿದೆ.

"ನಮ್ಮೋರಲ್ಲಿ ಹಿಂಗ್ ಆದೋರಿಗೆ ಎಂತ ನಿಯಮ? ನೀವ್ ಬರ್ದೇ ಇರ್ತೀರಿ. ಓದಿ ನೋಡಣ."

ನೋಟ್‌ಬುಕ್ಕು ಮೇಜಿನ ಮೇಲಿತ್ತು. ಆ ಪುಟ ತೆರೆದೆ. ಸಪಾಟಾದ ಸಾಲುಗಳು. ಅವರಿಗೆ ಕೇಳಲೆಂದು ಹಾಳೆಗಳನ್ನು ಒಂದಷ್ಟು ಸದ್ದು ಮಾಡಿ ಮಗುಚಿದೆ. ಕಣ್ಣು ಅಲ್ಲೇ ಇತ್ತು. ಬಾಯಿ ಬೇರೆ ಓದಿತು:

"ನೀರಿನ ಅಂಗ ಮತ್ತೆ ಬಂದವರು ನಮ್ಮೋರೇ. ಅವರು ಉಳಿದವರೆಲ್ಲರ ಪಾಲಿನದ್ದೂ ಕುಡಿಯಬೇಕು. ಕುಡಿಯದಿದ್ದರೆ ದಂಡಿನಲ್ಲಿ ಯಾರ ಬಾಯಾರಿಕೆಯೂ ಆರುವುದಿಲ್ಲ."



"ಸುಳ್ಳು," ಎಂದರು. "ಈಗ ಕಟ್ಟಿದ್ದು."

"ಬರ್ದಿದೀನಿ ಅಕ್ಕ. ನೀವೇ ಬರೆಸಿದ್ದು. ನೆನಪಿಲ್ವಾ?"

"ನಾನಾ?"

"ಕಾಲು ಸೆಳೆತ ಬಂದಿತ್ತಲ್ಲ, ಆ ದಿನ."

"ಇರ್ಬಹುದು," ಎಂದರು. ನಂಬಿದರೋ, ನಂಬಲು ಒಪ್ಪಿಕೊಂಡರೋ ತಿಳಿಯಲಿಲ್ಲ. "ಹಂಗಾರೆ ನೀವು ಲೆಕ್ಕ ಹಿಡೀರಿ. ಇದು ನಿಮ್ಮ ಪಾಲಿನ ಲೋಟ."

ಫೋನು ಎಲ್ಲೋ ಇಟ್ಟ ಸದ್ದು. ಆಮೇಲೆ ಗುಟುಕುಗಳು. ನಾನು ಎಣಿಸಿದೆ. ಎಂಟರ ಹೊತ್ತಿಗೆ ನನ್ನ ಬಾಯಿ ಪೂರ್ತಿ ಒಣಗಿತ್ತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬಾಯಾರಿಕೆ ಆರಿತು ಎಂದು ಬರೆದರೆ ಚೆಂದವಾಗಿರುತ್ತಿತ್ತು. ಆರಲಿಲ್ಲ. ಹನ್ನೊಂದಕ್ಕೆ ಲೋಟ ಖಾಲಿಯಾಯಿತು.

"ಈಗ ಕೇಳಿ," ಎಂದು ಫೋನನ್ನು ಮುಂಗೈಗೆ ಹಿಡಿದರು. ಹೊಸ ಅಂಗ ಬಂದರೂ ಆ ಗುಂಯ್‌ಗುಡುವ ನರ ಹಾಗೇ ಇದೆಯಂತೆ. ನನಗೆ ಕೇಳಿಸಿದ್ದು ಬರೀ ಗರಗರ. ಅವರ ಕೈಯೋ, ಆನಂದಪುರದ ಮಳೆಯೋ, ನೆಟ್‌ವರ್ಕೋ.

"ಕೇಳ್ತಾ?"

"ಕೇಳ್ತು," ಎಂದೆ. ಆಮೇಲೆ ಕೇಳಿದೆ, "ಈಗ ನಿಮ್ಮ ತೂಕ ಎಷ್ಟು?"

"ಐವತ್ತೆಂಟು. ರವಿಕೆ ಎಲ್ಲಾ ಬಿಗಿ. ಎಲ್ಲಾ ಬಿಚ್ಚಿ ಹೊಲೀಬೇಕು."

ಮರುದಿನ ಶುಕ್ರವಾರ. ಸಾಗರದಲ್ಲಿ ಎಡತೋಳಿನ ದಾರ ಬಿಚ್ಚಿ ಸೂಜಿ ಚುಚ್ಚಿಸಿಕೊಂಡೆ. ಪಕ್ಕದ ಮಂಚದಲ್ಲಿ ವಿಕೆಟ್ ಬಿತ್ತು. ಪುಸ್ತಕವನ್ನು ಹೊಟ್ಟೆಯ ಮೇಲಿಟ್ಟು ಆ ಹೊಸ ನಿಯಮವನ್ನು ಬರೆದೆ. ಸಾಲು ಎಂದಿನಂತೆ ಮೇಲಕ್ಕೆ ಹತ್ತಿತು. ಹಳೆಯ ಪುಟವನ್ನು ಹರಿಯಲಿಲ್ಲ, ಅದೂ ನನ್ನದೇ. ನಿಯಮದ ಕೆಳಗೆ ಐವತ್ತೆಂಟು ಎಂದು ಬರೆದು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಒಮ್ಮೆ ಕೂಗಿದೆ.