ಬ್ರೇಕಿನ ಮೇಲಿನ ಬಲಗಾಲು

ಬೆಳಗ್ಗೆ ಐದು ಗಂಟೆ ನಲವತ್ತು ನಿಮಿಷ. ಡಿಪೋ ಗೇಟಿನ ಎದುರು ಬಸ್ಸು ನಿಲ್ಲಿಸಿಕೊಂಡು ಡ್ರೈವರ್ ಬಗ್ಗಿ ತನ್ನ ಬಲಗಾಲನ್ನೇ ನೋಡುತ್ತಿದ್ದ. ಪಾದ ಬ್ರೇಕಿನ ಮೇಲಿತ್ತು. ಹಾಗೆಂದು ಕಣ್ಣು ಹೇಳಿತು, ಕಾಲು ಹೇಳಲಿಲ್ಲ.

"ಏನ್ ಗುರು, ಚಿಲ್ಲರೆ ಬಿತ್ತಾ?" ಕಂಡಕ್ಟರ್ ಹಿಂದಿನಿಂದ ಕೇಳಿದ.

"ನಿನ್ ಕೈಯಿಂದ ಚಿಲ್ಲರೆ ಬೀಳೋದುಂಟಾ? ಸುಮ್ನೆ ಸೀಟಿ ಊದು."

ಸೊಂಟ ಹಿಡಿಯಲು ಶುರುವಾಗಿ ಎರಡು ವರ್ಷವಾಗಿತ್ತು. ತೋರಿಸದ ಡಾಕ್ಟರ ಬಾಗಿಲಿರಲಿಲ್ಲ. ಎಲ್ಲರೂ ಕೇಳುತ್ತಿದ್ದುದು ಒಂದೇ: ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು? ಅವನು ಬಾಗಿಲು ನೋಡಿ ಅಂಕಿ ಹೇಳುತ್ತಿದ್ದ. ಮೂಳೆ ಡಾಕ್ಟರಿಗೆ ಮೂರು. ಹೆಚ್ಚು ಹೇಳಿದರೆ ಆಪರೇಷನ್ ಮಾಡಿಯಾರು. ವ್ಯಾಯಾಮ ಮಾಡಿಸುವವಳಿಗೆ ಒಂಬತ್ತು. ಕಡಿಮೆ ಹೇಳಿದರೆ ಇನ್ನಷ್ಟು ಬಗ್ಗಿಸಿಯಾಳು. ಡಿಪೋ ಡಾಕ್ಟರಿಗೆ ಸೊನ್ನೆ. ಬೇರೇನು ಹೇಳಿದರೂ ಸ್ಟೀರಿಂಗ್ ಕೈತಪ್ಪುತ್ತದೆ. ಒಬ್ಬರು ಮಲಗು ಅಂದರು, ಒಬ್ಬರು ನಡೆ ಅಂದರು, ಒಬ್ಬರು ಓಡಿಸು ಅಂದರು. ಅವನಿಗೆ ಬೇಸರವೂ ಆಗುತ್ತಿರಲಿಲ್ಲ.

ಆ ವರ್ಷ ಆಸ್ಪತ್ರೆ ಹೊಸ ಪದ್ಧತಿ ತಂದಿತು. ಸೊಂಟನೋವಿನವರನ್ನು ಬಾಗಿಲಿಂದ ಬಾಗಿಲಿಗೆ ಅಲೆಸುವ ಬದಲು ನೋಡುವವರೆಲ್ಲ ಒಂದೇ ಮೇಜಿಗೆ ಬರುವುದು, ಮನೆಯವರೂ ಜೊತೆಗಿರುವುದು. ಅವನ ಹೆಂಡತಿ ಬಂದಳು. ಡಿಪೋ ಡಾಕ್ಟರೂ ಸೇರಿ ಮೂವರೂ ತಮಗೆ ಗೊತ್ತಿದ್ದ ಅಂಕಿ ಹೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀವು ಒಬ್ರಾ, ಮೂವರಾ?" ವ್ಯಾಯಾಮದವಳು ನಕ್ಕಳು.

ಮೇಜಿನ ಮಾತುಕತೆ ನಡೆಸುತ್ತಿದ್ದ ನರ್ಸ್ ಮಾತ್ರ, "ಅಂಕಿ ಆಮೇಲೆ ನೋಡೋಣ ಅಣ್ಣ, ನಿಮಗೆ ಏನಾಗ್ಬೇಕು?" ಅಂದಳು. ಎರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

"ಬಸ್ ಓಡಿಸ್ಬೇಕು."

"ಓಡಿಸ್ತಾರೆ! ಮೊನ್ನೆ ಒಂದೇ ಚಪ್ಪಲೀಲಿ ಮನೆಗೆ ಬಂದ್ರು," ಹೆಂಡತಿ ಬಾಯಿ ಹಾಕಿದಳು. "ಇನ್ನೊಂದು ದಾರೀಲಿ ಕಳಚಿದ್ದು ಗೊತ್ತೇ ಆಗಿಲ್ಲ. ಇದನ್ನ ನಿಮಗ್ಯಾರಿಗಾದ್ರೂ ಹೇಳಿದಾರಾ?"

ಹೇಳಿರಲಿಲ್ಲ. ಮೂಳೆ ಡಾಕ್ಟರ್ ಅವನ ಕಣ್ಣು ಮುಚ್ಚಿಸಿ, ಬಲ ಪಾದಕ್ಕೆ ಮೆಲ್ಲಗೆ ಸೂಜಿ ತಾಗಿಸಿ, ಎಷ್ಟು ಸಲ ತಿಳಿಯಿತೆಂದು ಕೇಳಿದರು. "ಎರಡು," ಅಂದ. ತಾಗಿಸಿದ್ದು ಹತ್ತು ಸಲ.

"ಹತ್ತೂ ತಿಳಿಯೋವರೆಗೆ ಸ್ಟೀರಿಂಗ್ ಬೇಡ," ಡಿಪೋ ಡಾಕ್ಟರ್ ಅಂದರು. ಇನ್ಯಾರದೋ ಬಸ್ಸು ರದ್ದಾದ ಸುದ್ದಿ ಕೇಳಿದಂತೆ ಅವನು ಕೇಳಿಸಿಕೊಂಡ.

ಸ್ಕ್ಯಾನ್ ಅದೇ ದಿನ ಆಯಿತು; ಸೊಂಟದಲ್ಲಿ ಕಾಲಿನ ನರ ಒತ್ತಿಹೋಗಿತ್ತು. ಡಿಪೋದಲ್ಲಿ ಟೈರಿನ ಗಾಳಿ ನೋಡುವ ಕೆಲಸ ಸಿಕ್ಕಿತು. ಅವನಿಗೆ ಬೇಕಾದದ್ದು ಬಸ್ಸಾದ್ದರಿಂದ ವ್ಯಾಯಾಮದವಳು ಗುಜರಿಗೆ ಹೋಗಲಿದ್ದ ಡ್ರೈವರ್ ಸೀಟೊಂದನ್ನು ತನ್ನ ಕೋಣೆಗೆ ತರಿಸಿದಳು. ಹೊತ್ತು ತಂದ ಕಂಡಕ್ಟರ್ ಅದನ್ನು ಇಳಿಸಿ, "ಕೂತ್ಕೋ ಗುರು. ಇಲ್ಲಿ ಟಿಕೆಟ್ ಇಲ್ಲ," ಅಂದ.

ಕೆಲವು ತಿಂಗಳ ಮೇಲೆ ಅದೇ ಸೀಟಿನಲ್ಲಿ ಮತ್ತೆ ಸೂಜಿ. ಮೂವರೂ ನಿಂತಿದ್ದರು. ತಾಗಿಸುವುದು ಹತ್ತೇ ಸಲವೆಂದು ಈಗ ಅವನಿಗೆ ಗೊತ್ತಿತ್ತು. ಏನು ಹೇಳಿದರೆ ಬಸ್ಸು ಸಿಗುತ್ತದೆಂಬುದೂ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡೇ, ತಿಳಿದಷ್ಟನ್ನೇ ಬೆರಳು ಮಡಚಿ ಎಣಿಸಿದ.

"ಆರು."