ಕುದುರೆಯ ಬೆನ್ನಿಗೆ ತೊಟ್ಟಿಲ ಸೀರೆ

ನರಗುಂದದಲ್ಲಿ ದಂಡಿನ ಕುದುರೆಗಳ ಮೈಕೂದಲು ಕತ್ತರಿಸಿದ್ದನ್ನು ಕಂಡ ನನ್ನ ಗಂಡ, ಗಜೇಂದ್ರಗಡಕ್ಕೆ ಮರಳಿದವರೇ ಕುರಿಯ ಉಣ್ಣೆ ಕತ್ತರಿಸುವವನನ್ನು ಕರೆಸಿ ನಮ್ಮ ಕುದುರೆಯನ್ನೂ ಬೋಳಿಸಿದರು. ಬೆವರು ಬೇಗ ಆರುತ್ತದಂತೆ. ಸೀರೆ ಮಾರಲು ರೋಣಕ್ಕೆ ಹೋಗಿಬಂದ ಸಂಜೆ ಜೀನು ಇಳಿಸಿದರೆ, ಬೆನ್ನು ಕೆಂಪಾಗಿತ್ತು.

"ಜೀನಿನ ಕೆಳಗ ಇನ್ನೊಂದು ಕಂಬಳಿ ಹಾಕಿದ್ರಾತು," ಎಂದರು.

ನನಗೆ ರೇಗಿತು. "ಆ ಕಂಬಳಿ ಬರೇ ಮೈಮ್ಯಾಲ ನೀವ ಹೊತ್ಕೊಂಡು ನೋಡ್ರಿ. ಕೂದಲ ಇದ್ದಾಗ ನಡೀತಿತ್ತು, ಈಗ ಬರೇ ಚರ್ಮ ಐತಿ."

ನಾನಾಗ ಬಸುರಿ. ಅವ್ವ ನೇಯ್ದ, ಉಟ್ಟು ಒಗೆದು ಬೆಣ್ಣೆಯಂತಾಗಿದ್ದ ಸೀರೆಯೊಂದನ್ನು ತೊಟ್ಟಿಲಿಗೆಂದು ಎತ್ತಿಟ್ಟಿದ್ದೆ. ಬೆನ್ನಿನ ಕೆಂಪು ಇಳಿದ ಮೇಲೆ ಅದನ್ನೇ ಪದರಾಗಿ ಮಡಿಸಿ ಅಂಚು ಹೊಲಿದು, ಆ ಹೊಲಿಗೆ ಚರ್ಮಕ್ಕೆ ತಾಗದಂತೆ ಕಂಬಳಿಯ ಕೆಳಗೆ ಹಾಸಿದೆ.

"ಮಂದಿ ನಗ್ತಾರ."

"ಸೆರಗ ಒಳಗ ಮಡಚೇನಿ, ಯಾರಿಗೂ ಕಾಣೂದಿಲ್ಲ ಹೋಗ್ರಿ."

ಕೂದಲು ಬೆಳೆಯುವವರೆಗೂ ಬೆನ್ನು ಮತ್ತೆ ಕೆಂಪಾಗಲಿಲ್ಲ.

ಮಗ ಹುಟ್ಟುವ ಹೊತ್ತಿಗೆ ಆ ಸೀರೆಯನ್ನು ಎಷ್ಟು ಕುದಿಸಿ ಒಗೆದರೂ ಕುದುರೆಯ ವಾಸನೆ ಹೋಗಲಿಲ್ಲ. ಅದನ್ನೇ ತೊಟ್ಟಿಲಿಗೆ ಕಟ್ಟಿದೆ. ಈಗಲೂ ಊಟದ ಹೊತ್ತಿಗೆ ಮಗ ಕಾಣದಿದ್ದರೆ, ನಾನು ಮೊದಲು ಹೋಗಿ ನೋಡುವುದು ಕುದುರೆ ಲಾಯವನ್ನು.