ಶಿಳ್ಳೆ ನಿಂತ ಮೇಲೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎಲ್ಲರೂ ಅವಳನ್ನು ಶಿಳ್ಳೆಯಕ್ಕ ಎನ್ನುತ್ತಿದ್ದರು. ನಾಲಿಗೆ ಮಡಚಿ ಎರಡು ಬೆರಳಿಟ್ಟು ಊದಿದರೆ ಯಂತ್ರಗಳ ಗದ್ದಲವನ್ನು ಸೀಳಿಕೊಂಡು ಹೋಗುವಂಥ ಶಿಳ್ಳೆ. ಅಲ್ಲಿ ಮಾತು ಕೇಳಿಸುವುದಿಲ್ಲ. ಚಾದರದ ಮಡಿಕೆಯಲ್ಲಿ ಸೂಜಿ ಕಂಡರೆ, ಯಾರದೋ ಬಟ್ಟೆ ಇಸ್ತ್ರಿಯ ಕಾದ ಉರುಳೆಯ ಹತ್ತಿರ ಸುಳಿದರೆ ಅವಳು ಊದುವಳು; ಗುಂಡಿಯ ಬಳಿ ಯಾರಿದ್ದರೂ ಒತ್ತುವರು, ಯಂತ್ರ ನಿಲ್ಲುವುದು.

"ಗಂಡನ್ನೂ ಹೀಗೇ ನಿಲ್ಲಿಸ್ತೀಯೇನೆ?" ಎಂದು ಹೆಂಗಸರು ನಗಾಡುವರು.

"ಅವನು ನಿಂತಲ್ಲೇ ನಿದ್ದೆ ಮಾಡ್ತಾನೆ. ಅವನನ್ನ ಓಡಿಸೋಕೆ ಬೇಕು ಶಿಳ್ಳೆ."

ಉರುಳೆಗೆ ಚಾದರ ಕೊಡುವಾಗ ಒಂದು ತುದಿ ಅವಳದಾದರೆ ಇನ್ನೊಂದು ತುದಿ ಅವಳ ನಾದಿನಿಯದು. ಹರಿದ ಚಾದರ ಸಿಕ್ಕರೆ, ಯಾರೂ ಹೇಳದಿದ್ದರೂ, ಊಟದ ಬಿಡುವಿನಲ್ಲಿ ಕೂತು ಹೊಲಿದಿಡುತ್ತಿದ್ದರು.

ಹೊಸ ಮೇಲ್ವಿಚಾರಕ ಬಂದ. ಬಂದ ವಾರದಲ್ಲೇ ಶಿಳ್ಳೆ ಕೇಳಿ ತನ್ನ ಗಾಜಿನ ಕೋಣೆಯಿಂದ ಹೊರಬಿದ್ದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ.

"ಯಾರದು ಪುಂಡರ ಥರ ಊದಿದ್ದು?"

"ನಾನು ಸಾರ್. ಸೂಜಿ ಇತ್ತು."

"ಈ ವಯಸ್ಸಲ್ಲಿ ನಾಚಿಕೆ ಆಗಲ್ವಾ? ಊದು, ಇನ್ನೊಂದ್ಸಲ ಊದು, ಎಲ್ಲರೂ ನೋಡ್ಲಿ."

ಅವಳು ಊದಿದಳು. ಮತ್ತೆ ಊದಿಸಿದ. ಕೊನೆಗೆ ತುಟಿ ನಡುಗಿ ಬರೀ ಗಾಳಿ ಬಂತು. ಅವನು ನಕ್ಕ, ಉಳಿದವರೂ ಅವನ ಮುಖ ನೋಡಿ ನಕ್ಕರು. ಇನ್ನು ತನ್ನನ್ನು ಕೇಳದೆ ಯಂತ್ರ ನಿಲ್ಲಿಸಿದವರು ಮನೆಯಲ್ಲೇ ಇರಬಹುದು ಎಂದ.

ಶಿಳ್ಳೆಯ ಸದ್ದಡಗಿತು. ಅವನು ಅದನ್ನು ಶಿಸ್ತು ಎಂದುಕೊಂಡ. ಹರಿದ ಚಾದರಗಳು ಹರಿದಂತೆಯೇ ವಾರ್ಡಿಗೆ ಹೋದವು. "ಹೋಗ್ಲಿ ಬಿಡು, ಹೊದ್ಕೊಳ್ಳೋದು ಅವನೇನಲ್ವಲ್ಲ" ಎಂದಳು ನಾದಿನಿ. ಸೂಜಿ ಕಂಡವರು ಕಾಣದವರಂತೆ ಮಡಿಕೆ ಮಗುಚಿದರು.

ಒಂದು ಮಧ್ಯಾಹ್ನ ನಾದಿನಿಯ ಅಂಗಿಯ ತೋಳು ಚಾದರದ ಜೊತೆಗೆ ಉರುಳೆಯ ಬಾಯಿಗೆ ಹೋಯಿತು. ಶಿಳ್ಳೆಯಕ್ಕನ ಬೆರಳು ತುಟಿಯವರೆಗೆ ಬಂತು. ಅಷ್ಟರಲ್ಲಿ ಕಣ್ಣು ಗಾಜಿನ ಕೋಣೆಯತ್ತ ಹೊರಳಿತು. ಅವನು ಫೋನಿನಲ್ಲಿದ್ದ. ಓಡಿಹೋಗಿ ಬಾಗಿಲು ತಟ್ಟಿದಳು. ತಾಳು ಎಂಬಂತೆ ಅವನು ಕೈ ಎತ್ತಿದ. ಗುಂಡಿಯ ಪಕ್ಕದಲ್ಲಿದ್ದ ಹೆಂಗಸೂ ಆ ಕೈಯನ್ನೇ ನೋಡುತ್ತ ನಿಂತಿದ್ದಳು.

ನಾದಿನಿಯ ಬಲಗೈ ಮಣಿಕಟ್ಟಿನವರೆಗೆ ಹೋಯಿತು.

"ಕಣ್ಣೆದುರೇ ಆಗ್ತಿದ್ರೆ ನಿಲ್ಲಿಸೋಕೆ ಏನಾಗಿತ್ತು ನಿಮಗೆ? ಬುದ್ಧಿ ಬೇಡ್ವಾ?" ಎಂದು ಅವನು ಎಲ್ಲರ ಮೇಲೂ ಹರಿಹಾಯ್ದ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ನಾದಿನಿ ಮನೆಗೆ ಬಂದ ಮೇಲೆ ಅವಳಿಗೆ ತುತ್ತು ಮಾಡಿ ಬಾಯಿಗಿಡುವ ಕೆಲಸ ಅತ್ತಿಗೆಯದಾಯಿತು. ಒಂದು ದಿನ ಅತ್ತಿಗೆ ಬಾಯಿಬಿಟ್ಟಳು.

"ಊದಬೇಕಿತ್ತು ಕಣೇ ನಾನು."

"ಬಿಡು ಅತ್ತಿಗೆ. ಸಿಕ್ಕಿಕೊಂಡಾಗ ನಾನು ತಾನೇ ಏನು ಮಾಡ್ದೆ? ಕೂಗ್ಲಿಲ್ಲ. ಮೊದಲು ಅವನ ಕಡೆ ನೋಡ್ದೆ, ಬೈತಾನೇನೋ ಅಂತ."

ತುತ್ತು ಹಿಡಿದ ಕೈ ನಡುವೆಯೇ ನಿಂತಿತು.

"ಕೊಡು" ಎಂದಳು ನಾದಿನಿ, ಬಾಯಿ ತೆರೆದು ಕಾಯುತ್ತ.